ನಿಂತಲ್ಲೇ ಮೇಲೇಳುವ ಯುದ್ಧವಿಮಾನ



ಇವತ್ತಿನ ಮಾತು ಒಂದು ವಿಚಿತ್ರ ಬಗೆಯ ಯುದ್ಧವಿಮಾನದ ಬಗ್ಗೆ. ಉದ್ದನೆಯ ಓಡುದಾರಿಯ ಹಂಗಿಲ್ಲದೆ ನಿಂತಲ್ಲೇ ನೆಟ್ಟಗೆ ಮೇಲೇಳಬಲ್ಲ, ಆಕಾಶದಲ್ಲಿ ನಿಶ್ಚಲವಾಗಿ ನಿಲ್ಲಬಲ್ಲ, ಮತ್ತೆ ನೆಟ್ಟಗೆ ಕೆಳಗಿಳಿಯಬಲ್ಲ ಜೆಟ್ ವಿಮಾನ ಅದು. ನಮ್ಮ ಹೊಲ ಮನೆಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಗೋವೆಯ ವಾಸ್ಕೋ ಸುತ್ತಮುತ್ತ ದುಡಿದು ಬದುಕುವ ನಮ್ಮ ಜನ ಮೂವತ್ತೆರಡು ವರ್ಷಕ್ಕೂ ಹೆಚ್ಚು ಕಾಲ ಇಂಥ ವಿಮಾನದ ಸದ್ದನ್ನು ತಲೆಯ ಮೇಲೆ ಕೇಳಿದ್ದಾರೆ. ಕಾಸರಗೋಡಿನ ಕೇಳುಗರು ಇದರ ಸುದ್ದಿಯನ್ನು ಮಲಯಾಳ ಪತ್ರಿಕೆಗಳಲ್ಲಿ ಓದಿದ್ದಾರೆ. ಆ ಸುದ್ದಿಯಿಂದಲೇ ಮಾತು ಶುರು ಮಾಡೋಣ.

2025ರ ಜೂನ್ 14ರ ರಾತ್ರಿ ತಿರುವನಂತಪುರದ ವಿಮಾನ ನಿಲ್ದಾಣದಲ್ಲಿ ಬ್ರಿಟನ್ನಿನ ಒಂದು ಯುದ್ಧವಿಮಾನ ಇಳಿಯಿತು. ಹೆಸರು ಎಫ್-35ಬಿ. ‘ಪ್ರಿನ್ಸ್ ಆಫ್ ವೇಲ್ಸ್’ ಎಂಬ ವಿಮಾನವಾಹಕ ನೌಕೆಯಿಂದ ಹಾರಿದ್ದ ಅದಕ್ಕೆ, ಹವಾಮಾನ ಕೆಟ್ಟು, ಇಂಧನ ಕಡಿಮೆಯಾಗಿ, ಹಡಗಿಗೆ ಮರಳಲು ಆಗಲಿಲ್ಲ. ಇಳಿದ ಮೇಲೆ ನೋಡಿದರೆ ಅದರ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ದೋಷ ಕಂಡಿತು. ಹಡಗಿನಿಂದ ಬಂದ ತಂತ್ರಜ್ಞರ ಕೈಯಲ್ಲಿ ಅದು ಸರಿಹೋಗಲಿಲ್ಲ. ಮಳೆಗಾಲದಲ್ಲಿ ವಿಮಾನ ಬಯಲಲ್ಲೇ ನಿಂತಿತು. ಜುಲೈ 6ರಂದು ಬ್ರಿಟನ್ನಿನಿಂದ ತಜ್ಞರ ತಂಡ ಬಂದು, ಅದನ್ನು ಷೆಡ್ಡಿಗೆ ಎಳೆಸಿ ರಿಪೇರಿ ಮಾಡಿತು. ಜುಲೈ 22ರಂದು ಅದು ಹಾರಿಹೋಯಿತು. ಐದು ವಾರಕ್ಕೂ ಮೇಲ್ಪಟ್ಟು ನಮ್ಮ ನೆಲದಲ್ಲಿ ಅತಿಥಿಯಾಗಿತ್ತು. ಕೇರಳದ ಪ್ರವಾಸೋದ್ಯಮ ಇಲಾಖೆ ಕೂಡ, ಈ ಊರಿಗೆ ಬಂದವರಿಗೆ ಹೋಗುವ ಮನಸ್ಸೇ ಬರುವುದಿಲ್ಲ ಎಂಬ ಅರ್ಥದಲ್ಲಿ ತಮಾಷೆಯ ಜಾಹೀರಾತು ಹಾಕಿತು.

ನಕ್ಕಿದ್ದಾಯಿತು. ಆದರೆ ಯೋಚನೆ ಮಾಡುವ ಮಾತೂ ಅದರಲ್ಲಿದೆ. ಜಗತ್ತಿನ ಅತ್ಯಂತ ಮುಂದುವರಿದ ವಿಮಾನಗಳಲ್ಲಿ ಒಂದು ಎನಿಸಿಕೊಂಡದ್ದು ಒಂದು ದೋಷಕ್ಕೆ ಐದು ವಾರ ನಿಂತುಬಿಟ್ಟಿತು. ಹಾಗಾದರೆ ಒಂದು ಯಂತ್ರದ ಬೆಲೆಯನ್ನು ಹೇಗೆ ಕಟ್ಟಬೇಕು? ಅದು ಏನೇನು ಮಾಡಬಲ್ಲದು ಎಂಬುದರಿಂದಲೋ, ಕರೆದಾಗ ಬರುತ್ತದೆಯೋ ಇಲ್ಲವೋ ಎಂಬುದರಿಂದಲೋ? ನೆಟ್ಟಗೆ ಏರುವ ವಿಮಾನಗಳ ಅರವತ್ತೈದು ವರ್ಷದ ಚರಿತ್ರೆ ಈ ಪ್ರಶ್ನೆಯ ಸುತ್ತಲೇ ತಿರುಗಿದೆ.

ಮೊದಲಿಗೆ, ಇಂಥ ವಿಮಾನ ಯಾಕೆ ಬೇಕಾಯಿತು ಎಂಬುದನ್ನು ನೋಡೋಣ. ಗುಬ್ಬಿಯನ್ನು ನೀವು ನೋಡಿದ್ದೀರಿ. ಕುಳಿತಲ್ಲಿಂದ ಪುರ್ ಎಂದು ಎದ್ದುಬಿಡುತ್ತದೆ. ಕೆರೆಯ ನಾಮದ ಕೋಳಿ ಹಾಗಲ್ಲ. ನೀರಿನ ಮೇಲೆ ಪಟಪಟ ಓಡಿ, ವೇಗ ಬಂದ ಮೇಲೆ ಏಳುತ್ತದೆ. ಸಾಮಾನ್ಯ ಜೆಟ್ ವಿಮಾನ ಈ ನಾಮದ ಕೋಳಿಯ ಜಾತಿ. ರೆಕ್ಕೆಯ ಮೇಲೆ ಗಾಳಿ ರಭಸದಿಂದ ಹರಿದರೆ ಮಾತ್ರ ಅದಕ್ಕೆ ಎತ್ತುವ ಬಲ ಸಿಗುತ್ತದೆ. ಆ ರಭಸಕ್ಕಾಗಿ ಉದ್ದದ ಓಡುದಾರಿ ಬೇಕು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಯೂರೋಪಿನ ಸೇನೆಗಳಿಗೆ ಒಂದು ಹೆದರಿಕೆ ಹುಟ್ಟಿತು. ಯುದ್ಧ ಶುರುವಾದ ಮೊದಲ ದಿನವೇ ಶತ್ರು ಓಡುದಾರಿಗಳ ಮೇಲೆ ಬಾಂಬು ಹಾಕಿ ಗುಂಡಿ ತೋಡಿದರೆ, ಕೋಟಿಗಟ್ಟಲೆ ಬೆಲೆಯ ವಿಮಾನಗಳು ನಿಂತಲ್ಲೇ ಕೊಳೆಯಬೇಕಾಗುತ್ತದೆ. ಹೆಲಿಕಾಪ್ಟರ್ ಇದ್ದೇ ಇತ್ತು. ಆದರೆ ಅದರ ವೇಗ ಯುದ್ಧವಿಮಾನಕ್ಕೆ ಸಾಟಿಯಲ್ಲ. ಗುಬ್ಬಿಯಂತೆ ಏಳಬೇಕು, ಗಿಡುಗದಂತೆ ಹಾರಬೇಕು. ಇದು ಆಸೆ.

ಈ ಆಸೆಯ ಬೆನ್ನು ಹತ್ತಿ ಹಲವು ದೇಶಗಳು ಕೈ ಸುಟ್ಟುಕೊಂಡವು. ಫ್ರಾನ್ಸ್ ದೇಶ ಮುಂದಕ್ಕೆ ನೂಕಲು ಒಂದು ಇಂಜಿನ್, ಮೇಲಕ್ಕೆ ಎತ್ತಲು ಎಂಟು ಸಣ್ಣ ಇಂಜಿನ್‌ಗಳಿದ್ದ ವಿಮಾನವನ್ನು ಮಾಡಿತು. ಮೇಲೆದ್ದ ಕೂಡಲೇ ಆ ಎಂಟೂ ಬರಿಯ ಹೊರೆ. ಅದಕ್ಕೆ ಮೊದಲು ಪರೀಕ್ಷೆಗೆಂದು ಕಟ್ಟಿದ ‘ಬಾಲ್ಝಾಕ್’ ಎಂಬ ವಿಮಾನ 1964ರಲ್ಲಿ ಒಮ್ಮೆ, 1965ರಲ್ಲಿ ಇನ್ನೊಮ್ಮೆ ಬಿದ್ದು ಎರಡು ಸಲವೂ ಪೈಲಟ್‌ಗಳ ಪ್ರಾಣ ತೆಗೆದುಕೊಂಡಿತು. ಕೊನೆಗೆ ಆ ಯೋಜನೆ ಬತ್ತಿಹೋಯಿತು.

ನಡೆದದ್ದು ಇನ್ನೊಂದು ದಾರಿ. ಮಿಷೆಲ್ ವೀಬೋ ಎಂಬ ಫ್ರೆಂಚ್ ಇಂಜಿನಿಯರ್ ಹೇಳಿದ್ದು ಇಷ್ಟು: ಇಂಜಿನ್ ಒಂದೇ ಇರಲಿ, ಅದರ ಗಾಳಿ ಹೊರಬರುವ ಬಾಯಿಗಳನ್ನು ಬೇಕಾದ ಕಡೆಗೆ ತಿರುಗಿಸೋಣ. ನೀವು ಅಡಿಕೆಗೋ ದ್ರಾಕ್ಷಿಗೋ ಔಷಧಿ ಹೊಡೆಯುವಾಗ ಪಂಪು ಇದ್ದಲ್ಲೇ ಇರುತ್ತದೆ, ನಾಜಲ್ ಮಾತ್ರ ತಿರುಗಿಸುತ್ತೀರಲ್ಲ, ಹಾಗೆ. ಬ್ರಿಟನ್ನಿನಲ್ಲಿ ಸ್ಟ್ಯಾನ್ಲಿ ಹೂಕರ್ ಅವರ ತಂಡ ‘ಪೆಗಾಸಸ್’ ಎಂಬ ಇಂಜಿನ್ನನ್ನು ರೂಪಿಸಿತು. ಸಿಡ್ನಿ ಕ್ಯಾಮ್ ಅವರ ತಂಡ ಅದರ ಸುತ್ತ ವಿಮಾನವನ್ನು ಕಟ್ಟಿತು. 1960ರ ಅಕ್ಟೋಬರ್ 21ರಂದು ಇಂಗ್ಲೆಂಡಿನ ಡನ್ಸ್‌ಫೋಲ್ಡ್ ಎಂಬಲ್ಲಿ ಅದು ಮೊದಲ ಸಲ ನೆಲ ಬಿಟ್ಟಿತು. ಹೊಸ ಹೋರಿಯನ್ನು ಗೂಟಕ್ಕೆ ಕಟ್ಟಿ ಪಳಗಿಸುವ ಹಾಗೆ, ವಿಮಾನವನ್ನು ನೆಲಕ್ಕೆ ಬಿಗಿದೇ ಅಂದು ಎಬ್ಬಿಸಿದ್ದರು. ಒಳಗೆ ಕುಳಿತ ಪೈಲಟ್ ಬಿಲ್ ಬೆಡ್‌ಫೋರ್ಡ್ ಅವರ ಒಂದು ಕಾಲಿಗೆ ಪ್ಲಾಸ್ಟರ್ ಹಾಕಿತ್ತು. ಆ ವಿಮಾನವೇ ಬೆಳೆದು ‘ಹ್ಯಾರಿಯರ್’ ಆಗಿ 1969ರಲ್ಲಿ ಬ್ರಿಟಿಷ್ ವಾಯುಪಡೆಗೆ ಸೇರಿತು.

ಹ್ಯಾರಿಯರ್‌ನ ಎರಡು ಪಕ್ಕಗಳಲ್ಲಿ ಎರಡೆರಡರಂತೆ ನಾಲ್ಕು ಬಾಯಿಗಳು. ಪೈಲಟ್ ಒಂದು ಲಿವರ್ ಎಳೆದರೆ ನಾಲ್ಕೂ ಒಟ್ಟಿಗೆ ಕೆಳಕ್ಕೆ ತಿರುಗುತ್ತವೆ, ವಿಮಾನ ಮೇಲೇಳುತ್ತದೆ. ನಿಧಾನವಾಗಿ ಹಿಂದಕ್ಕೆ ತಿರುಗಿಸಿದರೆ ಮುಂದೆ ಸಾಗುತ್ತದೆ. ಕೇಳಲು ಸರಳ. ಆದರೆ ಈ ಸಾಮರ್ಥ್ಯಕ್ಕೆ ಮೂರು ಕಡೆ ಬೆಲೆ ತೆರಬೇಕಾಯಿತು. ಅದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ತೂಕ. ನಮ್ಮ ನೌಕಾಪಡೆ ಕೊಂಡಿದ್ದ ಸೀ ಹ್ಯಾರಿಯರ್‌ನ ಲೆಕ್ಕವನ್ನೇ ತೆಗೆದುಕೊಳ್ಳಿ. ಇಂಜಿನ್ನಿನ ಎತ್ತುವ ಬಲ ಸುಮಾರು 9,700 ಕಿಲೋ. ಖಾಲಿ ವಿಮಾನದ ತೂಕವೇ ಸುಮಾರು 6,400 ಕಿಲೋ. ಒಳಗಿನ ಟ್ಯಾಂಕಿ ತುಂಬಿದರೆ ಇಂಧನ ಸುಮಾರು 2,300 ಕಿಲೋ. ಪೈಲಟ್, ಅವನ ಆಸನ, ಬಂದೂಕು ಎಲ್ಲ ಕೂಡಿಸಿದರೆ ಇನ್ನು ಬಾಂಬು ಕ್ಷಿಪಣಿಗಳಿಗೆ ಉಳಿಯುವುದು ಎಷ್ಟು? ಬಲ ತೂಕಕ್ಕಿಂತ ಸ್ವಲ್ಪ ಹೆಚ್ಚೇ ಇರಬೇಕು, ಸಮಸಮ ಇದ್ದರೆ ವಿಮಾನ ಏಳುವುದಿಲ್ಲ. ಆಯುಧ ತುಂಬಿದರೆ ಇಂಧನ ಕಡಿಮೆ ಮಾಡಬೇಕು, ಇಂಧನ ತುಂಬಿದರೆ ಆಯುಧ ಇಳಿಸಬೇಕು. ತಲೆಗೆ ಎಳೆದರೆ ಕಾಲಿಗಿಲ್ಲ, ಕಾಲಿಗೆ ಎಳೆದರೆ ತಲೆಗಿಲ್ಲ ಎಂಬ ಗಾದೆಯ ಕಂಬಳಿ ಇದು.

ಆದ್ದರಿಂದ ನಿಮಗೆ ಆಶ್ಚರ್ಯವಾಗುವ ಒಂದು ಮಾತು ಹೇಳುತ್ತೇನೆ. ನೆಟ್ಟಗೆ ಏರುವ ವಿಮಾನ ಎಂದು ಹೆಸರು ಪಡೆದ ಹ್ಯಾರಿಯರ್, ನಿಜವಾದ ಕೆಲಸಕ್ಕೆ ಹೊರಟಾಗ ನೆಟ್ಟಗೆ ಏರುತ್ತಿದ್ದುದೇ ಅಪರೂಪ. ಸ್ವಲ್ಪ ದೂರ ಓಡಿ ಏಳುತ್ತಿತ್ತು, ಕೆಲಸ ಮುಗಿಸಿ ಹಗುರಾಗಿ ಬಂದು ನೆಟ್ಟಗೆ ಇಳಿಯುತ್ತಿತ್ತು. ಬ್ರಿಟಿಷ್ ನೌಕಾಪಡೆಯ ಡಗ್ ಟೇಲರ್ ಎಂಬ ಅಧಿಕಾರಿ ಇದಕ್ಕೊಂದು ಉಪಾಯ ಹುಡುಕಿದರು. ಹಡಗಿನ ಮುಂದಿನ ತುದಿಯನ್ನು ಮೇಲಕ್ಕೆ ಬಾಗಿಸಿ ಕಟ್ಟಿದರೆ, ಓಡಿಬಂದ ವಿಮಾನ ಎಸೆದ ಕಲ್ಲಿನಂತೆ ಮೇಲಕ್ಕೆ ಚಿಮ್ಮುತ್ತದೆ. ಇದಕ್ಕೆ ‘ಸ್ಕೀ ಜಂಪ್’ ಎನ್ನುತ್ತಾರೆ. ಈ ಬಾಗಿದ ಮೂಗು ಇಂದಿಗೂ ನಮ್ಮ ಎರಡೂ ವಿಮಾನವಾಹಕ ನೌಕೆಗಳಲ್ಲಿ ಇದೆ.

ತೂಕದ ಜೊತೆಗೇ ಬರುವುದು ಸೆಖೆ. ಬಿಸಿ ಗಾಳಿ ತೆಳು. ತೆಳು ಗಾಳಿಯಲ್ಲಿ ಜೆಟ್ ಇಂಜಿನ್ನಿನ ಬಲ ಇಳಿಯುತ್ತದೆ. ಇಂಗ್ಲೆಂಡಿನ ಚಳಿಯಲ್ಲಿ ಎತ್ತಿದಷ್ಟು ಭಾರವನ್ನು ಗೋವೆಯ ಏಪ್ರಿಲ್ ತಿಂಗಳಲ್ಲಿ ಎತ್ತಲಾರದು. ಅದಕ್ಕಾಗಿ ಹ್ಯಾರಿಯರ್‌ನಲ್ಲಿ ಸುಮಾರು 225 ಕಿಲೋ ಶುದ್ಧ ನೀರಿನ ಒಂದು ಟ್ಯಾಂಕಿ ಇಟ್ಟಿದ್ದರು. ಏಳುವಾಗ, ಇಳಿಯುವಾಗ ಆ ನೀರನ್ನು ಇಂಜಿನ್ನಿಗೆ ಚಿಮುಕಿಸಿ ಕಾವು ತಗ್ಗಿಸಿ ಹೆಚ್ಚು ಬಲ ಪಡೆಯುತ್ತಿದ್ದರು. ಆ ನೀರು ಬಾಳುತ್ತಿದ್ದುದು ಒಂದೂವರೆ ನಿಮಿಷದಷ್ಟು ಹೊತ್ತು. ಅಷ್ಟರೊಳಗೆ ಇಳಿದಿರಬೇಕು. ಬಳಸದೆ ಉಳಿದ ಆಯುಧಗಳ ಭಾರ ಹೆಚ್ಚಿದ್ದರೆ ಅವನ್ನು ಸಮುದ್ರಕ್ಕೆ ಎಸೆದು ಇಳಿಯಬೇಕು. ಬ್ರಿಟಿಷರು 2006ರಲ್ಲಿ ತಮ್ಮ ಸೀ ಹ್ಯಾರಿಯರ್‌ಗಳನ್ನು ಕೈಬಿಟ್ಟಾಗ ಹೇಳಿದ ಕಾರಣಗಳಲ್ಲಿ, ಬಿಸಿ ಪ್ರದೇಶಗಳಲ್ಲಿ ದುಬಾರಿ ಕ್ಷಿಪಣಿಗಳ ಸಮೇತ ಇಳಿಯಲಾಗುವುದಿಲ್ಲ ಎಂಬುದೂ ಒಂದು.

ಎರಡನೆಯ ಬೆಲೆಯನ್ನು ತೆತ್ತವನು ಪೈಲಟ್. ಇಳಿದ ಮೇಲೆ ನಿಲ್ಲಿಸಲು ಒದ್ದಾಡುವುದಕ್ಕಿಂತ ನಿಂತ ಮೇಲೆ ಇಳಿಯುವುದೇ ವಾಸಿ ಎಂದು ಹ್ಯಾರಿಯರ್ ಪೈಲಟ್‌ಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಹಡಗಿನ ಅಲುಗಾಡುವ ತಟ್ಟಿನ ಮೇಲೆ ಅದು ನಿಜವೂ ಹೌದು. ಆದರೆ ನಿಲ್ಲುವುದೇ ಕಷ್ಟದ ಕೆಲಸ. ವಿಮಾನ ಆಕಾಶದಲ್ಲಿ ನಿಂತಾಗ ರೆಕ್ಕೆ ಬಾಲಗಳಿಗೆ ಯಾವ ಕೆಲಸವೂ ಇಲ್ಲ, ಗಾಳಿ ಹರಿಯುವುದೇ ಇಲ್ಲವಲ್ಲ. ಇಂಜಿನ್ನಿನಿಂದ ಎಳೆದ ಗಾಳಿಯನ್ನು ಮೂತಿ, ಬಾಲ, ರೆಕ್ಕೆತುದಿಗಳ ಸಣ್ಣ ಕಿಂಡಿಗಳಿಂದ ಊದಿ ಊದಿ ಸಮತೋಲ ಕಾಯಬೇಕು. ಪಕ್ಕದ ಗಾಳಿಗೆ ಮೂತಿ ಸ್ವಲ್ಪ ತಿರುಗಿದರೆ ಸಾಕು, ಒಂದು ರೆಕ್ಕೆ ಎದ್ದು ವಿಮಾನ ಮಗುಚುತ್ತದೆ. ಅದಕ್ಕಾಗಿ ಪೈಲಟ್‌ನ ಕಣ್ಣೆದುರಿಗೆ, ಗಾಜಿನ ಮುಂದೆ, ಗಾಳಿಯ ದಿಕ್ಕು ತೋರಿಸುವ ಒಂದು ಪುಟ್ಟ ಪಟ್ಟಿಯನ್ನು ಕೂರಿಸಿದ್ದರು. ಅಷ್ಟು ದೊಡ್ಡ ಯಂತ್ರದಲ್ಲಿ ಜೀವ ಕಾಯುವುದು ಆ ಬೆರಳುದ್ದದ ಪಟ್ಟಿ. ಇಂಜಿನ್ ಒಂದೇ. ಐವತ್ತು ಅಡಿ ಎತ್ತರದಲ್ಲಿ ಅದು ನಿಂತರೆ ತೇಲಿ ಇಳಿಯಲು ವೇಗವಿಲ್ಲ, ಯೋಚಿಸಲು ಸಮಯವಿಲ್ಲ. ಆಸನದ ಹಿಡಿ ಎಳೆದು ಹೊರಕ್ಕೆ ಚಿಮ್ಮುವುದೊಂದೇ ದಾರಿ.

ಮೂರನೆಯ ಬೆಲೆ ರಿಪೇರಿಯ ಷೆಡ್ಡಿನಲ್ಲಿ. ಟ್ರ್ಯಾಕ್ಟರಿನ ಮೆಕ್ಯಾನಿಕ್ ಬಾನೆಟ್ ಎತ್ತಿ ಇಂಜಿನ್ ನೋಡುತ್ತಾನೆ. ಹ್ಯಾರಿಯರ್‌ನ ಇಂಜಿನ್ ವಿಮಾನದ ಹೊಟ್ಟೆಯ ನಟ್ಟನಡುವೆ, ರೆಕ್ಕೆಯ ಕೆಳಗೆ ಇರುತ್ತದೆ. ನಾಲ್ಕು ಬಾಯಿಗಳ ಬಲ ಸಮನಾಗಿ ಹಂಚಬೇಕಾದರೆ ಅಲ್ಲೇ ಇರಬೇಕು. ಹಾಗಾಗಿ ಇಂಜಿನ್ ಬದಲಿಸಬೇಕಾದರೆ ಮೊದಲು ಇಡೀ ರೆಕ್ಕೆಯನ್ನು ಬಿಚ್ಚಿ ಕ್ರೇನಿನಿಂದ ಎತ್ತಿ ಪಕ್ಕಕ್ಕಿಡಬೇಕು. ಜೊತೆಗೆ, ನೆಲದ ಹತ್ತಿರ ಕೆಳಕ್ಕೆ ಊದುವ ಇಂಜಿನ್ ಕಲ್ಲು ಮಣ್ಣನ್ನು ಎಬ್ಬಿಸಿ ತಾನೇ ಒಳಗೆಳೆದುಕೊಳ್ಳುತ್ತದೆ. ತಾನು ಉಗುಳಿದ ಬಿಸಿ ಗಾಳಿಯನ್ನೂ ತಾನೇ ನುಂಗಿ ಬಲ ಕಳೆದುಕೊಳ್ಳುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ, ಇದು ಕೆಲಸಕ್ಕೆ ಬಾರದ ವಿಮಾನ ಎಂದು ತೀರ್ಮಾನ ಮಾಡಿಬಿಡಬೇಡಿ. 1982ರಲ್ಲಿ ಫಾಕ್ಲೆಂಡ್ ದ್ವೀಪಗಳಿಗಾಗಿ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವೆ ಯುದ್ಧವಾಯಿತು. ಬ್ರಿಟನ್ನಿನ ಹತ್ತಿರ ಇದ್ದುದು ಎರಡು ಸಣ್ಣ ವಿಮಾನವಾಹಕ ನೌಕೆಗಳು. ಬೇರೆ ಯಾವ ಯುದ್ಧವಿಮಾನವೂ ಅವುಗಳ ಮೇಲಿನಿಂದ ಹಾರುವಂತಿರಲಿಲ್ಲ. ದಕ್ಷಿಣ ಅಟ್ಲಾಂಟಿಕ್‌ನ ಚಳಿ, ಮಂಜು, ಎತ್ತರದ ಅಲೆಗಳ ನಡುವೆ 28 ಸೀ ಹ್ಯಾರಿಯರ್‌ಗಳು ಕೆಲಸ ಮಾಡಿ ಸುಮಾರು 20 ಶತ್ರು ವಿಮಾನಗಳನ್ನು ಉರುಳಿಸಿದವು. ವಿಮಾನ ವಿಮಾನಗಳ ನಡುವಿನ ಕಾಳಗದಲ್ಲಿ ಒಂದೂ ಸೋಲಲಿಲ್ಲ. ಆದರೂ ಆರು ಸೀ ಹ್ಯಾರಿಯರ್‌ಗಳು ಹೋದವು. ನೆಲದಿಂದ ಬಂದ ಶತ್ರುವಿನ ಏಟಿಗೆ ಹೋದವು ಎರಡು, ಅಪಘಾತಕ್ಕೆ ಹೋದವು ನಾಲ್ಕು. ಗೆದ್ದ ಯುದ್ಧದಲ್ಲೇ ಶತ್ರುವಿಗಿಂತ ಅಪಘಾತದ ಪಾಲು ಹೆಚ್ಚು.

ಅಮೆರಿಕದ ಮರೀನ್ ಪಡೆ 1971ರಿಂದ ಹ್ಯಾರಿಯರ್ ಬಳಸತೊಡಗಿತು. 2002ರಲ್ಲಿ ‘ಲಾಸ್ ಏಂಜಲಿಸ್ ಟೈಮ್ಸ್’ ಪತ್ರಿಕೆ ಅದರ ಪೂರ್ತಿ ಲೆಕ್ಕ ತೆಗೆದು ಲೇಖನಮಾಲೆ ಬರೆಯಿತು. ಯುದ್ಧದಲ್ಲಿ ಅಲ್ಲ, ಬರಿಯ ಅಪಘಾತಗಳಲ್ಲಿ ಅಷ್ಟು ವರ್ಷಗಳಲ್ಲಿ 45 ಮರೀನ್‌ಗಳು ಸತ್ತಿದ್ದರು, ಅಪಘಾತಗಳ ಸಂಖ್ಯೆ 143. ಇಂಜಿನ್ನಿನ ದೋಷ, ರೆಕ್ಕೆಯ ಹಿಂಬದಿಯ ಫ್ಲಾಪುಗಳ ದೋಷ, ನಿರ್ವಹಣೆಯ ತಪ್ಪು, ಪೈಲಟ್‌ಗಳಿಗೆ ಹಾರಾಟದ ಅಭ್ಯಾಸ ಸಾಲದೆ ಹೋದದ್ದು, ಎಲ್ಲವೂ ಅದರಲ್ಲಿ ಸೇರಿದ್ದವು. ಆ ಲೇಖನಗಳಿಗೆ 2003ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಗಮನಿಸಿ, ಇದನ್ನು ಬಯಲಿಗೆ ತಂದದ್ದು ಅಮೆರಿಕದ್ದೇ ಪತ್ರಿಕೆ. ಸೈನಿಕರ ಜೀವದ ಲೆಕ್ಕ ಕೇಳುವುದು ದೇಶದ್ರೋಹ ಎಂದು ಪ್ರಶಸ್ತಿ ಕೊಟ್ಟವರು ತಿಳಿಯಲಿಲ್ಲ.

ಇನ್ನು ಸೋವಿಯತ್ ಒಕ್ಕೂಟದ ಕಥೆ. ಅವರ ಯಾಕ್-38 ವಿಮಾನದಲ್ಲಿ ಹಿಂದೆ ಒಂದು ಮುಖ್ಯ ಇಂಜಿನ್, ಪೈಲಟ್‌ನ ಬೆನ್ನ ಹಿಂದೆ ಎತ್ತಲಿಕ್ಕೆಂದೇ ಎರಡು ಸಣ್ಣ ಇಂಜಿನ್‌ಗಳು. ಮೂರರಲ್ಲಿ ಒಂದು ಕೈಕೊಟ್ಟರೆ ವಿಮಾನ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮಗುಚುತ್ತಿತ್ತು. ಮನುಷ್ಯನ ಕೈ ಅಷ್ಟು ಬೇಗ ಹಿಡಿಯನ್ನು ಮುಟ್ಟಲಾರದು ಎಂದು, ಅಪಾಯದಲ್ಲಿ ಪೈಲಟ್‌ನನ್ನು ತಾನೇ ಹೊರಕ್ಕೆ ಚಿಮ್ಮಿಸುವ ಸ್ವಯಂಚಾಲಿತ ಆಸನವನ್ನು ಹಾಕಿದರು. ಆ ಆಸನ ಬಹಳ ಜನರ ಜೀವ ಉಳಿಸಿತು. ಆಸನದ ಮೇಲಿದ್ದಷ್ಟು ನಂಬಿಕೆ ವಿಮಾನದ ಮೇಲೆ ಇರಲಿಲ್ಲ ಎನ್ನಬೇಕು. 1980ರಲ್ಲಿ ಅಫ್ಘಾನಿಸ್ತಾನಕ್ಕೆ ನಾಲ್ಕನ್ನು ಒಯ್ದು ಪರೀಕ್ಷೆ ಮಾಡಿದರು. ಅಲ್ಲಿನ ಸೆಖೆ ಮತ್ತು ಎತ್ತರದಲ್ಲಿ ಅವು ಹೊತ್ತು ಹಾರಿದ ಆಯುಧ ತೀರ ಅಲ್ಪ. ಅದರ ಮುಂದಿನ ಪೀಳಿಗೆಯ ಯಾಕ್-141, 1991ರ ಅಕ್ಟೋಬರಿನಲ್ಲಿ ‘ಅಡ್ಮಿರಲ್ ಗೋರ್ಶ್‌ಕೋವ್’ ಎಂಬ ಹಡಗಿನ ಮೇಲೆ ಇಳಿಯುವಾಗ ಜೋರಾಗಿ ಅಪ್ಪಳಿಸಿ ಹೊತ್ತಿಕೊಂಡಿತು. ಪೈಲಟ್ ಉಳಿದರು, ಯೋಜನೆ ಉಳಿಯಲಿಲ್ಲ.

ಆ ಹಡಗಿನ ಹೆಸರು ನೆನಪಿಡಿ. ಅದನ್ನೇ ಭಾರತ ಕೊಂಡು, ಪೂರ್ತಿ ಬದಲಾಯಿಸಿ, ‘ವಿಕ್ರಮಾದಿತ್ಯ’ ಎಂಬ ಹೆಸರಿನಲ್ಲಿ 2013ರಲ್ಲಿ ನೌಕಾಪಡೆಗೆ ಸೇರಿಸಿತು. ಅದರ ತವರು ಬಂದರು ನಮ್ಮ ಕಾರವಾರ. ನೆಟ್ಟಗೆ ಇಳಿಯುವ ವಿಮಾನಗಳಿಗೆಂದು ಕಟ್ಟಿದ್ದ ಆ ಹಡಗಿಗೆ ಭಾರತ ಸ್ಕೀ ಜಂಪ್ ಹಾಕಿಸಿತು, ಇಳಿಯುವ ವಿಮಾನವನ್ನು ಹಿಡಿದು ನಿಲ್ಲಿಸುವ ತಂತಿಗಳನ್ನು ಹಾಕಿಸಿತು. ನೆಟ್ಟಗೆ ಇಳಿಯುವ ದಾರಿಯನ್ನೇ ಬಿಟ್ಟಿತು. ಯಾಕೆ ಬಿಟ್ಟಿತು ಎಂಬುದಕ್ಕೆ ಉತ್ತರ ಗೋವೆಯಲ್ಲಿದೆ.

1983ರ ಡಿಸೆಂಬರಿನಲ್ಲಿ ಭಾರತದ ಮೊದಲ ಮೂರು ಸೀ ಹ್ಯಾರಿಯರ್‌ಗಳು ಗೋವೆಯ ದಾಬೋಳಿಗೆ ಬಂದವು. ಅಲ್ಲಿನ ‘ಹಂಸ’ ನೌಕಾ ನೆಲೆಯೇ ಅವುಗಳ ಮನೆ. ಬಿಳಿ ಹುಲಿಯ ಗುರುತಿನ 300ನೆಯ ಸ್ಕ್ವಾಡ್ರನ್ ಅವನ್ನು ಹಾರಿಸಿತು. ಹಳೆಯ ‘ವಿಕ್ರಾಂತ್’ ಹಡಗಿನ ಮೇಲೆ, 1987ರ ನಂತರ ‘ವಿರಾಟ್’ ಹಡಗಿನ ಮೇಲೆ ಅವು ದುಡಿದವು. ಈ ವಿರಾಟ್ ಬೇರೆ ಯಾವುದೂ ಅಲ್ಲ, ಫಾಕ್ಲೆಂಡ್ ಯುದ್ಧದಲ್ಲಿ ಬ್ರಿಟಿಷರ ಮುಂಚೂಣಿಯಲ್ಲಿದ್ದ ‘ಹರ್ಮಿಸ್’. ನಮ್ಮ ನೌಕಾಪಡೆಗೆ ಈ ವಿಮಾನಗಳು ಸಮುದ್ರದ ನಡುವೆ ರಕ್ಷಣೆ ಕೊಟ್ಟವು. ಮುಂದೆ ಬೆಂಗಳೂರಿನ ಎಚ್.ಎ.ಎಲ್. ಕೂಡ ಕೈಜೋಡಿಸಿ, ಉಳಿದವಕ್ಕೆ ಇಸ್ರೇಲಿನ ಹೊಸ ರೇಡಾರ್ ಮತ್ತು ಕ್ಷಿಪಣಿಗಳನ್ನು ಅಳವಡಿಸಲಾಯಿತು.

ಆದರೆ ಕೊಂಡ ಸುಮಾರು 30 ವಿಮಾನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಪಘಾತಗಳಲ್ಲಿ ನಾಶವಾದವು. ಯಾವ ಯುದ್ಧದಲ್ಲೂ ಅಲ್ಲ, ದಿನನಿತ್ಯದ ಹಾರಾಟದಲ್ಲಿ. ಹಲವರು ತರಬೇತಾದ ಪೈಲಟ್‌ಗಳು ಪ್ರಾಣ ಕಳೆದುಕೊಂಡರು. 2009ರ ಆಗಸ್ಟಿನಲ್ಲೂ ಗೋವೆಯ ಕಡಲಿಗೆ ಒಂದು ಬಿದ್ದು ಪೈಲಟ್ ತೀರಿಕೊಂಡರು. ಬ್ರಿಟಿಷರು 2006ರಲ್ಲೇ ತಮ್ಮದನ್ನು ಕೈಬಿಟ್ಟ ಮೇಲೆ ಬಿಡಿಭಾಗ ಸಿಗುವುದೂ ದುಸ್ತರವಾಯಿತು. ಕೊನೆಗೆ 2016ರ ಮೇ 11ರಂದು ಹಂಸ ನೆಲೆಯಲ್ಲಿ ಸೀ ಹ್ಯಾರಿಯರ್‌ಗೆ ಬೀಳ್ಕೊಡುಗೆಯಾಯಿತು. ಮರುವರ್ಷ ಮಾರ್ಚ್ 6ರಂದು ವಿರಾಟ್ ಹಡಗೂ ನಿವೃತ್ತಿಯಾಯಿತು. ವಾಸ್ಕೋ ಹತ್ತಿರ ಬೊಗ್ಮಾಳೋ ದಾರಿಯಲ್ಲಿರುವ ನೌಕಾ ವಾಯುಯಾನ ಸಂಗ್ರಹಾಲಯದಲ್ಲಿ ಒಂದು ಸೀ ಹ್ಯಾರಿಯರ್ ಇದೆ. ಆ ಕಡೆ ಹೋದಾಗ ಅದರ ಪಕ್ಕದ ಬಾಯಿಗಳನ್ನು ಹತ್ತಿರದಿಂದ ನೋಡಿ. ಮಕ್ಕಳಿಗೂ ತೋರಿಸಿ.

ಈಗ ನಾವು ಮೊದಲು ಹೇಳಿದ ಎಫ್-35ಬಿ ವಿಮಾನಕ್ಕೆ ಬರೋಣ. ಇದರಲ್ಲಿ ಪೈಲಟ್‌ನ ಹಿಂದೆ, ವಿಮಾನದ ಮೈಯೊಳಗೆ, ಒಂದು ದೊಡ್ಡ ಫ್ಯಾನು ಇದೆ. ಮುಖ್ಯ ಇಂಜಿನ್ನಿನಿಂದ ಒಂದು ದಂಡ ಅದನ್ನು ತಿರುಗಿಸುತ್ತದೆ. ಗಿರಣಿಯಲ್ಲಿ ಒಂದೇ ಮೋಟಾರಿನಿಂದ ಎರಡು ಯಂತ್ರ ಓಡಿಸುವ ಹಾಗೆ. ಮುಂದೆ ಫ್ಯಾನಿನ ಗಾಳಿ, ಹಿಂದೆ ಕೆಳಕ್ಕೆ ಬಾಗುವ ಇಂಜಿನ್ನಿನ ಬಾಯಿ, ಎರಡೂ ಸೇರಿ ಸುಮಾರು 18,000 ಕಿಲೋ ಎತ್ತುವ ಬಲ. ಸಮತೋಲ ನೋಡಿಕೊಳ್ಳುವುದು ಕಂಪ್ಯೂಟರ್. ಹ್ಯಾರಿಯರ್‌ನಲ್ಲಿ ಪೈಲಟ್ ಪಡುತ್ತಿದ್ದ ಪಾಡು ಇಲ್ಲಿ ಬಹುಮಟ್ಟಿಗೆ ತಪ್ಪಿದೆ. ಶಬ್ದದ ವೇಗವನ್ನೂ ಮೀರಿ ಹಾರಬಲ್ಲದು. ಹ್ಯಾರಿಯರ್‌ಗೆ ಸಾಮಾನ್ಯ ಹಾರಾಟದಲ್ಲಿ ಅದು ಸಾಧ್ಯವಿರಲಿಲ್ಲ.

ಆದರೆ ಕಂಬಳಿ ಇಲ್ಲಿಯೂ ಗಿಡ್ಡವೇ. ಫ್ಯಾನು ಕುಳಿತ ಜಾಗ ಇಂಧನಕ್ಕೆ ಇಲ್ಲ. ಸಾಮಾನ್ಯ ಓಡುದಾರಿಯಿಂದ ಹಾರುವ ಇದರ ಅಣ್ಣ ಎಫ್-35ಎ ಒಳಗೆ ಸುಮಾರು 8,300 ಕಿಲೋ ಇಂಧನ ಹಿಡಿಸಿದರೆ, ಇದರಲ್ಲಿ ಹಿಡಿಸುವುದು ಸುಮಾರು 6,100 ಕಿಲೋ. ಬಾಗಿಲು, ದಂಡ, ಕ್ಲಚ್ಚು, ಫ್ಯಾನು ಹೆಚ್ಚಾದಷ್ಟೂ ಕೆಡುವ ಜಾಗಗಳು ಹೆಚ್ಚು. 2018ರಲ್ಲಿ ಅಮೆರಿಕದಲ್ಲಿ ಒಂದು ಎಫ್-35ಬಿ ಬಿದ್ದಾಗ ಇಂಧನದ ಒಂದು ಕೊಳವೆಯ ಮೇಲೆ ಅನುಮಾನ ಬಂದು, ಜಗತ್ತಿನಾದ್ಯಂತ ಎಫ್-35 ವಿಮಾನಗಳನ್ನು ನಿಲ್ಲಿಸಿ ತಪಾಸಣೆ ಮಾಡಬೇಕಾಯಿತು. 2021ರ ನವೆಂಬರಿನಲ್ಲಿ ಬ್ರಿಟನ್ನಿನ ‘ಕ್ವೀನ್ ಎಲಿಜಬೆತ್’ ಹಡಗಿನಿಂದ ಹೊರಟ ಒಂದು ವಿಮಾನ ಬಲ ಸಾಲದೆ ಸ್ಕೀ ಜಂಪ್‌ನ ತುದಿಯಿಂದ ಮೆಡಿಟರೇನಿಯನ್ ಸಮುದ್ರಕ್ಕೆ ಜಾರಿಬಿತ್ತು. ಪೈಲಟ್ ಹೊರಚಿಮ್ಮಿ ಬದುಕಿದರು. ಕಾರಣ ಏನು ಗೊತ್ತೇ? ನಿಂತ ವಿಮಾನದ ಬಾಯಿಗೆ ಧೂಳು ಹೋಗದಂತೆ ಇಡುವ ಮುಚ್ಚಳ. ಹಾರುವ ಮುನ್ನ ಅದನ್ನು ತೆಗೆದಿರಲಿಲ್ಲ.

2023ರಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ ಒಂದು ವರದಿ ಕೊಟ್ಟಿತು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಮೂರೂ ಬಗೆಯ ಎಫ್-35 ವಿಮಾನಗಳನ್ನು ಕೂಡಿಸಿ ನೋಡಿದರೆ, ಕೆಲಸಕ್ಕೆ ಸಿದ್ಧವಾಗಿದ್ದದ್ದು ಶೇಕಡಾ 55ರ ಹತ್ತಿರ. ರಿಪೇರಿಗಾಗಿ ಕಾದು ಕುಳಿತ ಬಿಡಿಭಾಗಗಳು ಹತ್ತು ಸಾವಿರಕ್ಕೂ ಹೆಚ್ಚು. ಮನೆಯಲ್ಲಿ ಎರಡು ಜೊತೆ ಎತ್ತು ಇದ್ದು, ಉಳುಮೆಗೆ ಒಂದೇ ಜೊತೆ ಏಳುತ್ತದೆ ಎಂದರೆ ರೈತ ಏನೆನ್ನುತ್ತಾನೆ? ಮೇವು ಮಾತ್ರ ನಾಲ್ಕಕ್ಕೂ ಹಾಕಬೇಕು.

ಹಾಗೆಂದು ನೆಟ್ಟಗೆ ಏರುವ ವಿಮಾನ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಸೀ ಹ್ಯಾರಿಯರ್ ಜಾಗಕ್ಕೆ ನಮ್ಮ ನೌಕಾಪಡೆ ರಷ್ಯಾದ ಮಿಗ್-29ಕೆ ತಂದಿತು. ಅದಕ್ಕೆ ಇಂಜಿನ್ ಎರಡು, ಏಳುವುದು ಓಡಿ, ಇಳಿಯುವುದು ತಂತಿ ಹಿಡಿದು. ಆದರೂ 2016ರಲ್ಲಿ ನಮ್ಮ ಮಹಾಲೇಖಪಾಲರು ಕೊಟ್ಟ ವರದಿಯಂತೆ, ಪರಿಶೀಲನೆಗೆ ಒಳಪಟ್ಟ ಅವಧಿಯಲ್ಲಿ ಅವು ಹಾರಲು ಸಿದ್ಧವಿದ್ದ ಪ್ರಮಾಣ ಶೇಕಡಾ 16ರಿಂದ 38ರ ನಡುವೆ ಇತ್ತು. ಸಾದಾ ವಿಮಾನವೂ ಬಿಡಿಭಾಗವಿಲ್ಲದಿದ್ದರೆ, ಇಂಜಿನ್ ದೋಷವಿದ್ದರೆ, ಷೆಡ್ಡಿನಲ್ಲೇ ನಿಲ್ಲುತ್ತದೆ. 2025ರ ಏಪ್ರಿಲಿನಲ್ಲಿ ಭಾರತ ನೌಕಾಪಡೆಗಾಗಿ ಫ್ರಾನ್ಸಿನಿಂದ 26 ರಫೇಲ್ ವಿಮಾನಗಳಿಗೆ ಒಪ್ಪಂದ ಮಾಡಿಕೊಂಡಿತು. ಅವುಗಳನ್ನೂ ನಾವು ಅಳೆಯಬೇಕಾದದ್ದು ಇದೇ ಅಳತೆಗೋಲಿನಿಂದ.

ಆದ್ದರಿಂದ ಕೇಳುಗರೇ, ಮುಂದೆ ನೀವು ಪತ್ರಿಕೆಯಲ್ಲಿ, ಅದು ಕನ್ನಡದ್ದಿರಲಿ, ಮಲಯಾಳ, ತಮಿಳು, ಮರಾಠಿ, ತೆಲುಗಿನದಿರಲಿ, ಹೊಸ ಯುದ್ಧವಿಮಾನದ ಸುದ್ದಿ ಓದಿದಾಗ ವೇಗ ಎಷ್ಟು, ಬೆಲೆ ಎಷ್ಟು ಎಂಬುದಕ್ಕೆ ನಿಲ್ಲಬೇಡಿ. ಮೂರು ಪ್ರಶ್ನೆ ಕೇಳಿ. ನಮ್ಮ ಸೆಖೆಯಲ್ಲಿ, ನಮ್ಮ ಕಡಲ ಉಪ್ಪುಗಾಳಿಯಲ್ಲಿ ಇದು ಎಷ್ಟು ಹೊರುತ್ತದೆ? ಹತ್ತು ಕೊಂಡರೆ ಬೆಳಿಗ್ಗೆ ಎಷ್ಟು ಏಳುತ್ತವೆ? ಕೆಟ್ಟರೆ ಸರಿಮಾಡುವ ಬಿಡಿಭಾಗ ಮತ್ತು ಕೈ ನಮ್ಮಲ್ಲಿದೆಯೇ, ಅಥವಾ ಬೇರೆ ದೇಶದಿಂದ ತಂಡ ಬರುವವರೆಗೆ ಕಾಯಬೇಕೇ?

ಕೊಳವೆಬಾವಿಗೆ ಮೋಟಾರು ಕೊಳ್ಳುವಾಗ ನಾವು ಇದನ್ನೇ ಕೇಳುತ್ತೇವೆ. ಕಡಿಮೆ ಓಲ್ಟೇಜಿಗೆ ಎಳೆಯುತ್ತದೆಯೇ, ಸುಟ್ಟರೆ ಸುತ್ತುವವನು ಪೇಟೆಯಲ್ಲಿದ್ದಾನೆಯೇ ಎಂದು ವಿಚಾರಿಸಿದ ಮೇಲೆಯೇ ದುಡ್ಡು ಕೊಡುತ್ತೇವೆ. ಮೋಟಾರು ಸುಟ್ಟರೆ ಒಂದು ಬೆಳೆ ಹೋಗುತ್ತದೆ. ವಿಮಾನ ಕೈಕೊಟ್ಟರೆ ಒಬ್ಬ ಮಗ ಹೋಗುತ್ತಾನೆ. ನಮ್ಮ ಗಡಿಯೂರುಗಳಿಂದಲೂ ಹುಡುಗರು ಸೇನೆಗೆ, ನೌಕಾಪಡೆಗೆ ಹೋಗುತ್ತಾರೆ. ಕೆಲವರು ಹಾರಿಸುತ್ತಾರೆ, ಹೆಚ್ಚಿನವರು ಷೆಡ್ಡಿನಲ್ಲಿ ಸ್ಪಾನರ್ ಹಿಡಿದು ಹಾರಿಸುವವರ ಜೀವ ಕಾಯುತ್ತಾರೆ. ಅವರ ಕೈಗೆ ನಂಬಿಗಸ್ತ ಯಂತ್ರ ಸಿಗಬೇಕು, ಬಿಡಿಭಾಗ ಸಕಾಲಕ್ಕೆ ಸಿಗಬೇಕು, ಅಭ್ಯಾಸಕ್ಕೆ ಸಮಯ ಸಿಗಬೇಕು. ಇದನ್ನು ಕೇಳುವ ಹಕ್ಕು ತೆರಿಗೆ ಕೊಡುವ ನಮಗೆಲ್ಲರಿಗೂ ಇದೆ.